ಕುಮಾರಪರ್ವತದ ಹಾದಿಯಲ್ಲಿ ಛಾಯಾಗ್ರಹಣ

ಕರ್ನಾಟಕದ ಗಿರಿಶಿಖರಗಳಲ್ಲಿ 1,712 ಮೀಟರ್ ಔನ್ನತ್ಯದ ಕುಮಾರಪರ್ವತವು ಅತ್ಯುನ್ನತವೇನೂ ಅಲ್ಲ. ಮುಳ್ಳಯ್ಯನಗಿರಿ, ಕುದುರೆಮುಖ, ತಡಿಯಂಡಮೋಳುಗಳು ಅದಕ್ಕಿಂತ ಎತ್ತರವಾದವು. ಆದರೆ ಮುಳ್ಳಯ್ಯನಗಿರಿಯ ನೆತ್ತಿಯ ಸಮೀಪದವರೆಗೆ ವಾಹನದಲ್ಲಿ ಕುಳಿತೇ ಹೋಗಬಹುದಾದರೆ, ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತವನ್ನೇರ ಹೊರಟವನು ಕರಾವಳಿಗಿಂತ ಹೆಚ್ಚೇನೂ ಎತ್ತರವಲ್ಲದ ನೆಲದಿಂದ ಮೊದಲುಮಾಡಿ, 12-13 ಕಿಲೋಮೀಟರುಗಳ ಹಾದಿಯಲ್ಲಿ, 1,500 ಮೀಟರಿಗೂ ಮಿಗಿಲಾದ ಏರನ್ನು ತನ್ನ ಮೊಣಕಾಲುಗಳ ಬಲದಿಂದಲೇ ಸಾಧಿಸಬೇಕು. ಇಂತಹ ದಿನದಲ್ಲಿ ಕ್ಯಾಮೆರಾ ಹೊತ್ತು ಹೋದವನು ತರುವ ಚಿತ್ರಗಳ ಯೋಗ್ಯತೆಯನ್ನು ಬಹುಮಟ್ಟಿಗೆ ನಿರ್ಣಯಿಸುವುದು ಅವನು ಯಾವ ಹೊತ್ತಿನಲ್ಲಿ ಎಲ್ಲಿದ್ದನು, ಯಾವ ದಿಕ್ಕಿಗೆ ಮುಖಮಾಡಿ ನಿಂತಿದ್ದನು ಎಂಬ ಎರಡು ಸಂಗತಿಗಳೇ.

ಪರ್ವತವು ಸುಬ್ರಹ್ಮಣ್ಯ ಕ್ಷೇತ್ರಕ್ಕೆ ಪೂರ್ವದಲ್ಲಿದೆ; ದಿನದ ಬೆಳಕಿನ ಪಂಚಾಂಗವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಬೆಳಿಗ್ಗೆ ಏರುವವನು ಸೂರ್ಯನಿಗೆ ಎದುರಾಗಿ ನಡೆಯುತ್ತಾನೆ. ಆಗ ಅವನ ಮುಂದಿರುವ ಶಿಖರವು ವಿವರಗಳನ್ನೆಲ್ಲ ನುಂಗಿಕೊಂಡ ಕಪ್ಪು ಆಕೃತಿ ಮಾತ್ರ. ಅದೇ ಸಮಯದಲ್ಲಿ ಅವನ ಬೆನ್ನ ಹಿಂದೆ, ಪಡುವಣ ಕಣಿವೆಗಳ ಮೇಲೆ, ಓರೆಯಾದ ಎಳೆಬಿಸಿಲು ಬಿದ್ದು, ರಾತ್ರಿಯ ತಂಪಿಗೆ ತಗ್ಗಿನಲ್ಲಿ ಹೆಪ್ಪುಗಟ್ಟಿ ನಿಂತ ಮಂಜು ಬೆಳ್ಳಗೆ ಹೊಳೆಯುತ್ತಿರುವುದು. ಮಧ್ಯಾಹ್ನದ ತರುವಾಯ ಇಳಿಯುವಾಗ ಎಲ್ಲವೂ ತಿರುವುಮುರುವು: ಕಣಿವೆ ಸೂರ್ಯನ ಕಡೆಗಾಗುತ್ತದೆ, ಪರ್ವತದ ಮುಖ ಬೆಳಗುತ್ತದೆ. ಅಂದರೆ ಎರಡು ಹೊತ್ತಿನಲ್ಲಿಯೂ ಉತ್ತಮವಾದ ದೃಶ್ಯವಿರುವುದು ನಡೆಯುವವನ ಬೆನ್ನ ಹಿಂದೆ. ಏದುಸಿರು ಬಿಡುತ್ತ, ಮುಂದಿನವನ ಹಿಮ್ಮಡಿಯನ್ನೇ ದಿಟ್ಟಿಸುತ್ತ ಹತ್ತುವವರಿಗೆ ತಿರುಗಿ ನೋಡುವ ವ್ಯವಧಾನವೆಲ್ಲಿ ಬರಬೇಕು?

ಮೊದಲ ಐದಾರು ಕಿಲೋಮೀಟರು ದಟ್ಟವಾದ ಕಾಡು. ಬೇರುಗಳ ನಡುವಿನ ಕಡಿದಾದ ದಾರಿ, ಮಳೆ ಪೂರ್ತಿಯಾಗಿ ನಿಲ್ಲದಿದ್ದರೆ ಕಾಲಿಗೆ ಹತ್ತುವ ಇಂಬಳಗಳು. ಅಲ್ಲಿ ಕ್ಯಾಮೆರಾವನ್ನು ಚೀಲದಿಂದ ತೆಗೆಯದಿರುವುದೇ ಲೇಸು. ಭಟ್ಟರ ಮನೆಯಿರುವ ಗಿರಿಗದ್ದೆಗೆ ಬಂದ ಮೇಲೆಯೇ ಆಕಾಶ ತೆರೆದುಕೊಳ್ಳುವುದು. ಮುಂದೆ ಅರಣ್ಯ ಇಲಾಖೆಯ ಠಾಣೆ, ಹುಲ್ಲುಗಾವಲು, ಕಲ್ಲುಮಂಟಪ, ಶೇಷಪರ್ವತ. ಬಳಿಕ ಶೋಲೆ ಕಾಡಿನೊಳಕ್ಕೆ ಇಳಿದು, ಬಂಡೆಯನ್ನು ಹತ್ತಿ ಶಿಖರ.

ಈ ಹುಲ್ಲುಗಾವಲಿನ ಏರಿನಲ್ಲಿಯೇ ಹೆಚ್ಚಿನವರು ನಿರಾಶರಾಗುವುದು. ಕಣ್ಣಿಗೆ ಭವ್ಯವಾಗಿ ಕಂಡ ಶ್ರೇಣಿಯು ಚಿತ್ರದಲ್ಲಿ ಗುಬ್ಬಚ್ಚಿಯಷ್ಟಾಗಿರುತ್ತದೆ. ವಿಸ್ತಾರವೆಲ್ಲವನ್ನೂ ಒಂದೇ ಚೌಕಟ್ಟಿಗೆ ತುಂಬುವ ಅಗಲ ನೋಟದ ಮಸೂರವು ಹತ್ತಿರದ ಹುಲ್ಲನ್ನು ಹಿರಿದು ಮಾಡಿ ದೂರದ ಗಿರಿಯನ್ನು ಕುಗ್ಗಿಸುವುದೇ ಇದಕ್ಕೆ ಕಾರಣ. ಮೊಬೈಲಿನ ಸಾಮಾನ್ಯ ಮಸೂರವೂ ಈ ಜಾತಿಯದೇ. ದೂರದೃಷ್ಟಿಯ ಮಸೂರದಿಂದ ದೃಶ್ಯದ ಒಂದಂಶವನ್ನಷ್ಟೇ ಆರಿಸಿಕೊಂಡರೆ, ಒಂದರ ಹಿಂದೊಂದು ನಿಂತ ಸಾಲುಗಳು ಹತ್ತಿರ ಸೇರಿ ಗಾಂಭೀರ್ಯವನ್ನು ತಾಳುತ್ತವೆ. ದಿಬ್ಬದ ಅಂಚಿನಲ್ಲಿ ಸಹಚಾರಣಿಗನೊಬ್ಬನ ಆಕೃತಿ ದೊರೆತರಂತೂ ಎತ್ತರವನ್ನು ಅಳೆಯಲು ನೋಡುಗನಿಗೆ ಕೋಲೊಂದು ಸಿಕ್ಕಂತೆಯೇ ಸರಿ. ದೂರದ ಗಿರಿಗಳ ನೀಲವರ್ಣಕ್ಕೆ ವಾಯುವಿನ ಅಣುಗಳು ನೀಲಕಿರಣಗಳನ್ನು ಹೆಚ್ಚಾಗಿ ಚದುರಿಸುವುದು ಕಾರಣ. ಸಾಲು ಸಾಲಾಗಿ ಮಸುಕಾಗುವ ಈ ನೀಲಿಯನ್ನು ದೋಷವೆಂದು ತಂತ್ರಾಂಶದಿಂದ ಒರೆಸಿಹಾಕುವವರುಂಟು, ಆದರೆ ಚಿತ್ರಕ್ಕೆ ಆಳವನ್ನು ಕೊಡುವುದೇ ಅದು.

ಈ ನೀಲಕಿರಣವನ್ನು ಬೇಕೆಂದೇ ತಡೆದು ಖ್ಯಾತನಾದವನೊಬ್ಬನಿದ್ದಾನೆ. 1927ರ ಏಪ್ರಿಲ್ 10ರಂದು ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ, 25 ವರ್ಷದ ಆನ್ಸೆಲ್ ಆಡಮ್ಸ್, ತಾನು ಮುಂದೆ ವರಿಸಲಿದ್ದ ವರ್ಜೀನಿಯಾ ಬೆಸ್ಟ್ ಮತ್ತು ಕೆಲವು ಗೆಳೆಯರೊಡನೆ, ದೊಡ್ಡ ಕ್ಯಾಮೆರಾವನ್ನೂ 12 ಗಾಜಿನ ಫಲಕಗಳನ್ನೂ ಹೊತ್ತು, ಹಿಮ ಕರಗಿರದ ಕಡಿದಾದ ಕೊರಕಲನ್ನೇರಿ ಹಾಫ್ ಡೋಮ್ ಎಂಬ ಮಹಾಶಿಲೆಯ ಎದುರಿಗೆ ಬಂದನು. ಅಷ್ಟರಲ್ಲಿ ಉಳಿದಿದ್ದವು ಎರಡೇ ಫಲಕಗಳು. ನೆರಳಿನಲ್ಲಿದ್ದ ಶಿಲೆಯ ಮುಖಕ್ಕೆ ಬಿಸಿಲು ತಾಗುವವರೆಗೆ ಕಾದು, ಒಂದನ್ನು ಹಳದಿ ಶೋಧಕದೊಡನೆ ಬಳಸಿದನು. ಹಾಗೆ ಬರುವ ಚಿತ್ರದಲ್ಲಿ ತನ್ನ ಮನಸ್ಸು ಕಂಡ ರೌದ್ರವಿರದೆಂದು ಹೊಳೆದೊಡನೆಯೇ ಕಡುಗೆಂಪು ಶೋಧಕವನ್ನು ತೊಡಿಸಿ ಕೊನೆಯ ಫಲಕವನ್ನು ಉಪಯೋಗಿಸಿದನು. ಕೆಂಪು ಶೋಧಕವು ಆಗಸದ ನೀಲಬೆಳಕನ್ನು ತಡೆದುದರಿಂದ, ಚಿತ್ರದಲ್ಲಿ ಆಕಾಶವು ಹೆಚ್ಚುಕಡಮೆ ಕಪ್ಪಾಗಿ, ಶಿಲೆ ಅದರೆದುರು ಎದ್ದು ನಿಂತಿತು. ಒಂದು ಬಂಡೆಯ ಮುಂದೆ ಇನ್ನೂರು ಸಲ ಗುಂಡಿಯೊತ್ತುವ ನಮ್ಮ ಕಾಲದವರು, ಎರಡು ಫಲಕಗಳಷ್ಟೇ ಉಳಿದವನ ಏಕಾಗ್ರತೆಯನ್ನು ಸ್ವಲ್ಪವಾದರೂ ಸಾಲ ತರಬಾರದೇ?

ಋತುವಿನ ಲೆಕ್ಕವೂ ಉಂಟು. ಏಪ್ರಿಲ್ ತಿಂಗಳ ಕೊನೆಯ ಭಾಗದಲ್ಲಿ ನಮ್ಮ ಅಕ್ಷಾಂಶದಲ್ಲಿ ನಡುಹಗಲ ಸೂರ್ಯನು ನೆತ್ತಿಯ ಮೇಲೆಯೇ ಬರುವುದರಿಂದ ನೆರಳುಗಳಡಗಿ ಬೆಟ್ಟವು ಚಪ್ಪಟೆಯಾಗಿ ಕಾಣುತ್ತದೆ. ಡಿಸೆಂಬರಿನಲ್ಲಿ ಅವನು ನಡುಹಗಲಿನಲ್ಲಿಯೂ ದಕ್ಷಿಣಕ್ಕೆ ವಾಲಿ, 54 ಡಿಗ್ರಿಗಳಷ್ಟೇ ಎತ್ತರದಲ್ಲಿರುವನಾದ್ದರಿಂದ ಪ್ರತಿಯೊಂದು ಮಡಿಕೆಯೂ ನೆರಳಿನಿಂದ ಮೂಡಿ ನಿಲ್ಲುತ್ತದೆ. ಬೇಸಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದಲೂ ಮಳೆಗಾಲದಲ್ಲಿ ಜಾರುವ ಬಂಡೆಗಳ ಭಯದಿಂದಲೂ ಈ ಹಾದಿಯನ್ನು ಮುಚ್ಚುವುದುಂಟಾಗಿ, ಹೊರಡುವ ಮೊದಲು ಅರಣ್ಯ ಇಲಾಖೆಯ ಅನುಮತಿಯನ್ನು ವಿಚಾರಿಸತಕ್ಕದ್ದು.

ನನ್ನನ್ನು ಕೇಳಿದರೆ, ಶಿಖರವು ಚಿತ್ರ ತೆಗೆಯುವುದಕ್ಕೆ ಇಡೀ ಹಾದಿಯಲ್ಲಿ ಅತ್ಯಂತ ಸಾಮಾನ್ಯವಾದ ಸ್ಥಳ. ಅಲ್ಲಿಗೆ ತಲಪುವುದೇ ನಡುಹಗಲಿನಲ್ಲಿ. ಅಲ್ಲಿಂದ ಕಾಣದಿರುವ ಬೆಟ್ಟವೆಂದರೆ ಕುಮಾರಪರ್ವತವೊಂದೇ! ಅಲ್ಲಿ ಬುತ್ತಿ ಬಿಚ್ಚಿ ಉಂಡು, ವಿಶ್ರಮಿಸಿ, ಇಳಿಯುವಾಗಿನ ಬೆಳಕಿಗಾಗಿ ಕಣ್ಣನ್ನೂ ಕಾಲನ್ನೂ ಕಾಯ್ದಿರಿಸಿಕೊಳ್ಳುವುದು ಜಾಣತನ. ಗಿರಿಗದ್ದೆಯಿಂದ ಹಿಂತಿರುಗಿ ನೋಡಿದರೆ ಸಂಜೆ ಐದರ ಬಿಸಿಲಿನಲ್ಲಿ ಪರ್ವತವು ಅತಿ ಸುಂದರವಾಗಿರುತ್ತದೆಂಬುದು ನಿಜ. ಆದರೆ ಕೆಳಗಿನ ಕಾಡಿನಲ್ಲಿ ಆನೆಗಳಿವೆ, ಮರಗಳಡಿ ಕತ್ತಲೆ ಬೇಗನೆ ಕವಿಯುತ್ತದೆ. ಅದೇ ದಿನ ಸುಬ್ರಹ್ಮಣ್ಯಕ್ಕೆ ಮರಳುವವರು ಚಿತ್ರದ ಆಸೆಯನ್ನು ಬಿಟ್ಟು, ನಾಲ್ಕು ಗಂಟೆಯೊಳಗಾಗಿ ಗಿರಿಗದ್ದೆಯಿಂದ ಇಳಿಯತೊಡಗಬೇಕು. ಚೀಲದಲ್ಲಿ ಟಾರ್ಚೊಂದು ಇರಲೇಬೇಕು.