ಒಂದೇ ದ್ವೀಪ, ಎರಡು ಕಡಲು

ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಕಡಲಿನಾಳಕ್ಕೆ ಇಳಿಯುವ ‘ಸ್ಕೂಬಾ’ ವಿದ್ಯೆಗೆ ನಮ್ಮ ತರುಣರು ಮನಸೋತಿರುವುದನ್ನು ಬಲ್ಲೆವು. ಶ್ರೀಲಂಕೆಗೆ ಹೊರಟವರು ‘ಎಲ್ಲಿ ಮುಳುಗೋಣ?’ ಎಂದು ಕೇಳುತ್ತಾರೆ. ಮೊದಲು ಕೇಳಬೇಕಾದುದು ‘ಯಾವಾಗ?’ ಎಂಬುದನ್ನು.

ಕಾರಣ ನಮಗೆ ಪರಿಚಿತವಾದ ಮುಂಗಾರು ಹಿಂಗಾರುಗಳೇ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತವು ಕೊಲಂಬೊ, ಹಿಕ್ಕಡುವಗಳ ಪಶ್ಚಿಮ ತೀರವನ್ನು ಅಪ್ಪಳಿಸುತ್ತದೆ. ಅಲೆಗಳೆದ್ದು, ನದಿಗಳ ಕೆಸರು ಬೆರೆತು ನೀರು ಕದಡುತ್ತದೆ. ಅದೇ ದಿನಗಳಲ್ಲಿ, ನಡುನಾಡಿನ ಬೆಟ್ಟಗಳ ಮರೆಯಲ್ಲಿರುವ ಪೂರ್ವದ ತಿರುಕೋಣಮಲೆಯ ಕಡಲು ತಿಳಿಯಾಗಿರುತ್ತದೆ. ಡಿಸೆಂಬರಿನಲ್ಲಿ ಈಶಾನ್ಯ ಮಾರುತವು ಎಲ್ಲವನ್ನೂ ಅದಲು ಬದಲು ಮಾಡುತ್ತದೆ. ಆಗ ಹಿಕ್ಕಡುವ ಸುಗಮ. ಆದರೆ 1998ರಲ್ಲಿ ಸಮುದ್ರ ಬಿಸಿಯೇರಿ ಅಲ್ಲಿನ ಹವಳದ ಬಹುಭಾಗ ಬೆಳ್ಳಗಾಗಿ ಸತ್ತಿತೆಂಬುದನ್ನು ಅರಿತೇ ಹೋಗಬೇಕು.

ಪೂರ್ವ ತೀರದ ಮೇಲೆ ನಮಗೆ ಒಲವು ಹೆಚ್ಚು. ಅಲ್ಲಿನ ಕೋಣೇಶ್ವರ ದೇವಾಲಯವನ್ನು ಹದಿನೇಳನೆಯ ಶತಮಾನದಲ್ಲಿ ಪೋರ್ಚುಗೀಸರು ಕೆಡವಿದರು. ಲೇಖಕ ಆರ್ಥರ್ ಸಿ. ಕ್ಲಾರ್ಕ್ ಮತ್ತು ಅವರ ಸಂಗಡಿಗ ಮೈಕ್ ವಿಲ್ಸನ್ 1956ರಲ್ಲಿ ಆ ಬಂಡೆಯ ಬುಡದಲ್ಲಿ ಮುಳುಗಿ, ಕೆತ್ತನೆಯ ಕಲ್ಲುಗಳನ್ನು ಕಂಡರು. ಸಮೀಪದ ಪಾರಿವಾಳ ದ್ವೀಪವು 2003ರಿಂದ ರಾಷ್ಟ್ರೀಯ ಉದ್ಯಾನ. ಆಳವಿಲ್ಲದ ಅದರ ಹವಳದ ದಿಬ್ಬಗಳು ಹೊಸಬರಿಗೆ ಹಿತ.

ಆಗ್ನೇಯದ ‘ಗ್ರೇಟ್ ಬ್ಯಾಸಸ್’ ದಿಬ್ಬದ ಮಾತೇ ಬೇರೆ. ದೀಪಸ್ತಂಭವೊಂದರ ಹೊರತು ಏನೂ ಇಲ್ಲದ ಆ ಬಯಲು ಕಡಲಿಗೆ ಎರಡೂ ಮಾರುತಗಳ ಹೊಡೆತ ತಪ್ಪದು. ಮಾರ್ಚ್–ಏಪ್ರಿಲ್‌ನ ಕೆಲವೇ ವಾರಗಳು ಸಿಕ್ಕರೆ ಭಾಗ್ಯ. ಔರಂಗಜೇಬನ ಕಾಲದ ಬೆಳ್ಳಿ ರೂಪಾಯಿಗಳು ವಿಲ್ಸನ್ನರ ಕಣ್ಣಿಗೆ ಬಿದ್ದದ್ದು 1961ರ ಮಾರ್ಚಿಯಲ್ಲಿ, ಇಲ್ಲಿಯೇ.

ಕಡಲು ಶಾಂತವಾಗಿದೆಯೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ಬಗೆಯಲಾಗದು. 1942ರ ಏಪ್ರಿಲ್ 9ರಂದು ಜಪಾನೀ ವಿಮಾನಗಳು ಮುಳುಗಿಸಿದ ‘ಹರ್ಮಿಸ್’ ಯುದ್ಧನೌಕೆ ಬಟ್ಟಿಕಲೋವಾದ ಬಳಿ 50 ಮೀಟರಿಗೂ ಕೆಳಗಿದೆ. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದ ಒತ್ತಡ ಕೂಡುತ್ತದೆ. ಉಸಿರಿನ ಸಾರಜನಕ ರಕ್ತದಲ್ಲಿ ಕರಗುತ್ತದೆ. ಅವಸರದಿಂದ ಮೇಲೆ ಬಂದರೆ ಅದು ಗುಳ್ಳೆಗಳಾಗಿ, ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಕಾಡಬಹುದು. ಮೊದಲ ಹಂತದ ಶಿಕ್ಷಣ ಪಡೆದವರ ಮಿತಿ 18 ಮೀಟರು ಮಾತ್ರ. ‘ಒಮ್ಮೆ ನೋಡಿ ಬರುತ್ತೇನೆ’ ಎನ್ನುವ ಮಕ್ಕಳಿಗೆ ಹಿರಿಯರು ಇಲ್ಲವೆನ್ನಲೇಬೇಕು.

ಬೆಳಿಗ್ಗೆ ಮುಳುಗಿ ಸಂಜೆಗೆ ನುವರ ಎಲಿಯದ ಚಹಾ ತೋಟ ಸೇರುವ ಯೋಜನೆಯೂ ಬೇಡ. 1,800 ಮೀಟರಿಗೂ ಎತ್ತರದ ಆ ಊರಿನಲ್ಲಿ ಗಾಳಿಯ ಒತ್ತಡ ಕಡಿಮೆ. ಅದೇ ಗುಳ್ಳೆಗಳು ಅಲ್ಲಿ ಏಳಬಹುದು. ವಿಮಾನಕ್ಕೂ ಇದೇ ನಿಯಮ. ಕೊನೆಯ ಮುಳುಗಿಗೂ ಪಯಣಕ್ಕೂ ನಡುವೆ ಇಡೀ ಒಂದು ದಿನವನ್ನು ದಂಡೆಯಲ್ಲೇ ಕಳೆಯಲಿ.