ಪೋಲೀಸರ ಸಾಕ್ಷ್ಯವೂ ಅಪೀಲಿನ ಹಾದಿಯೂ

ಗುಡೇಕೋಟೆಯ ಬಂಡೆಬೆಟ್ಟಗಳ ನೆರಳಿನಲ್ಲಿ ಬಸ್ಸಿಗೆ ಕಾದು ನಿಂತ ತರುಣನೊಬ್ಬನ ಚೀಲದಲ್ಲಿ ಗಾಂಜಾ ಸಿಕ್ಕಿತೆಂದು ಮೊಕದ್ದಮೆಯಾಯಿತೆಂದು ಭಾವಿಸೋಣ. ಪಂಚನಾಮೆಗೆ ಸಹಿ ಹಾಕಿದ ಊರವರಿಬ್ಬರೂ ನ್ಯಾಯಾಲಯದಲ್ಲಿ “ನಾವೇನೂ ಕಾಣೆವು, ಸ್ವಾಮಿ” ಎಂದುಬಿಡುತ್ತಾರೆ. ಉಳಿದ ಸಾಕ್ಷಿಗಳೆಲ್ಲ ಪೋಲೀಸರೇ. ಆದರೂ ಶಿಕ್ಷೆಯಾಗುತ್ತದೆ. ಗಾಂಜಾದ ತೂಕ 20 ಕಿಲೋಗ್ರಾಂ ಮೀರಿದ್ದರಂತೂ ಅದು 10 ವರ್ಷಕ್ಕೆ ಕಡಿಮೆಯಿರದು. ಆ ಮನೆಯವರ ಗತಿಯೇನು?

“ಪೋಲೀಸರ ಮಾತೊಂದರಿಂದಲೇ ಶಿಕ್ಷೆಯೆ?” ಎಂದು ಹೆತ್ತವರು ಕೇಳುವುದು ಸಹಜ. ಕಾನೂನಿನ ಉತ್ತರವಾದರೋ ಕಹಿಯಾದುದು. ಇಂತಿಷ್ಟು ಸಾಕ್ಷಿಗಳಿರಬೇಕೆಂಬ ನಿಯಮ ನಮ್ಮಲ್ಲಿಲ್ಲ. ಖಾಕಿ ತೊಟ್ಟವನೆಂಬ ಮಾತ್ರಕ್ಕೆ ಸಾಕ್ಷಿಯ ನುಡಿ ಸುಳ್ಳಾಗದು. 2020ರಲ್ಲಿ ಛತ್ತೀಸಗಢದ ಗಾಂಜಾ ಪ್ರಕರಣವೊಂದರಲ್ಲಿ ಪಂಚರು ತಿರುಗಿಬಿದ್ದರೂ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು.

ಹಾಗಾದರೆ ಅಪೀಲಿನ ಬಲವೆಲ್ಲಿದೆ? ಮಾಲು ಸಿಕ್ಕ ಗಳಿಗೆಯಿಂದ ಅದು ನ್ಯಾಯಾಲಯವನ್ನು ಸೇರುವವರೆಗಿನ ಸರಪಳಿಯಲ್ಲಿದೆ. ಮೊಹರು ಯಾರ ಬಳಿಯಿತ್ತು? ಮಾಲು ಠಾಣೆಯಲ್ಲಿ ಎಷ್ಟು ದಿನ ಉಳಿಯಿತು? ಪ್ರಯೋಗಶಾಲೆಗೆ ಹೋದ ಮಾದರಿ ಆ ಚೀಲದ್ದೇ ಎಂಬುದಕ್ಕೆ ಆಧಾರವೇನು? 2003ರಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ, ಪಂಚರೂ ಕೈಬಿಟ್ಟು, ಜಪ್ತಿಯಾದ ಮಾಲನ್ನೂ ನ್ಯಾಯಾಲಯಕ್ಕೆ ಹಾಜರುಪಡಿಸದಿದ್ದ ಕಾರಣ ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದುಗೊಳಿಸಿತು.

1985ರ ಮಾದಕ ದ್ರವ್ಯ ಕಾಯಿದೆಯಲ್ಲಿ ಇನ್ನೂ ಕೆಲವು ರಕ್ಷಣೆಗಳಿವೆ. ಗೆಜೆಟೆಡ್ ಅಧಿಕಾರಿಯ ಇಲ್ಲವೆ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ತನ್ನ ಮೈಶೋಧನೆ ನಡೆಯಲೆಂದು ಕೇಳುವುದು ಆರೋಪಿಯ ಹಕ್ಕು. ಅದನ್ನು ಅವನಿಗೆ ಮೊದಲೇ ತಿಳಿಸಬೇಕು. ಚೀಲದ ಶೋಧನೆಗೆ ಮಾತ್ರ ಈ ನಿಯಮ ಅನ್ವಯಿಸದು. ಹೂ-ಕಾಯಿಗಳ ತುದಿಯಿಲ್ಲದ ಬರಿಯ ಎಲೆ, ಬೀಜಗಳು ಕಾಯಿದೆಯ ದೃಷ್ಟಿಯಲ್ಲಿ ಗಾಂಜಾ ಅಲ್ಲ. ಆದ್ದರಿಂದ ಏನನ್ನು ತೂಗಿದರೆಂಬುದೂ ಮುಖ್ಯ. ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ತೆಗೆಯಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಆ ಲೋಪವೊಂದೇ ಯಾವಾಗಲೂ ಬಿಡುಗಡೆಯನ್ನು ತರದು.

ಕೂಡ್ಲಿಗಿ ತಾಲ್ಲೂಕು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಇಲ್ಲಿಯ ಅಪೀಲು ಹೋಗುವುದು ಧಾರವಾಡದ ಹೈಕೋರ್ಟು ಪೀಠಕ್ಕೆ. ಗಡುವು 60 ದಿನ. ತಡವಾದರೆ ತಕ್ಕ ಕಾರಣವನ್ನು ತೋರಿಸಿ ಮನ್ನಣೆ ಬೇಡಬೇಕು. ಸೆರೆಮನೆಯಲ್ಲಿರುವವನು ಅಲ್ಲಿಯ ಅಧಿಕಾರಿಯ ಮೂಲಕವೇ ಅಪೀಲು ಕಳುಹಿಸಬಹುದು. ತೀರ್ಪಿನ ಪ್ರತಿ ಅವನಿಗೆ ಉಚಿತ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ, ಬಂಧನದಲ್ಲಿರುವವನು ಆದಾಯವೆಷ್ಟೇ ಇರಲಿ, ಉಚಿತ ವಕೀಲರ ನೆರವಿಗೆ ಅರ್ಹ. ಅಪೀಲು ತೀರುವವರೆಗೆ ಶಿಕ್ಷೆಯನ್ನು ಅಮಾನತಿನಲ್ಲಿಡಲು ಹೈಕೋರ್ಟಿಗೆ ಅಧಿಕಾರವುಂಟು. ತೂಕ ಹೆಚ್ಚಿದ್ದಲ್ಲಿ ಅದು ಸುಲಭವಾಗಿ ದೊರೆಯದು.

ಹೊಲ ಮಾರಲು ಹೊರಡುವ ಮುನ್ನ, ಪೋಲೀಸರನ್ನು ಶಪಿಸುತ್ತ ದಿನ ಕಳೆಯುವ ಮುನ್ನ, ಮನೆಯವರು ತೀರ್ಪು, ಪಂಚನಾಮೆ, ಪ್ರಯೋಗಶಾಲೆಯ ವರದಿ ಈ ಮೂರನ್ನೂ ಮುಂದಿಟ್ಟುಕೊಂಡು ದಿನಾಂಕ, ತೂಕ, ಮೊಹರುಗಳನ್ನು ವಕೀಲರೊಡನೆ ಒಂದೊಂದಾಗಿ ತಾಳೆ ನೋಡಲಿ. ಸರಪಳಿಯ ಕೊಂಡಿ ಕಳಚಿದ್ದರೆ ಅದು ಕಣ್ಣಿಗೆ ಬೀಳುವುದು ಆ ಕಾಗದಗಳಲ್ಲಿಯೇ.