ಕೂಟದ ದಾಖಲೆ: ಮಾತಿನ ಆಟವು ಬರಹವಾಗುವ ಬಗೆ

೧. ಆಟದ ಸ್ವರೂಪ

ಮೇಜಿನ ಸುತ್ತ ಕುಳಿತ ನಾಲ್ಕಾರು ಜನರು ಮಾತಿನಿಂದಲೇ ಕಟ್ಟಿಕೊಳ್ಳುವ ಕಥೆಯನ್ನು ಪಾತ್ರಧಾರಣೆಯ ಆಟವೆಂದು ಕರೆಯಬಹುದು. ಒಬ್ಬರು ನಿರ್ವಾಹಕರಾಗಿ ಕಲ್ಪಿತ ಲೋಕವೊಂದನ್ನು ವರ್ಣಿಸುತ್ತಾರೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಆ ಲೋಕದಲ್ಲಿ ತಮ್ಮ ಪಾತ್ರ ಏನು ಮಾಡುತ್ತದೆ, ಏನು ನುಡಿಯುತ್ತದೆ ಎಂಬುದನ್ನು ತಿಳಿಸುತ್ತಾರೆ. ಫಲ ಅನಿಶ್ಚಿತವಾದ ಕಡೆ ದಾಳ ಉರುಳಿಸಿ ನಿರ್ಣಯಿಸಲಾಗುತ್ತದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ೧೯೭೪ರಲ್ಲಿ ಮೂರು ಕಿರುಹೊತ್ತಿಗೆಗಳ ರೂಪದಲ್ಲಿ ಪ್ರಕಟವಾದುದರಿಂದ ಈ ಆಟದ ಪ್ರಕಟಿತ ಇತಿಹಾಸ ಆರಂಭವಾಗುತ್ತದೆ. ಅದೇ ಪಾತ್ರಗಳು ಅದೇ ಲೋಕದಲ್ಲಿ ಕೂಟದಿಂದ ಕೂಟಕ್ಕೆ, ಕೆಲವೊಮ್ಮೆ ವರ್ಷಗಟ್ಟಲೆ ಮುಂದುವರಿದರೆ ಅದಕ್ಕೆ ‘ಕ್ಯಾಂಪೇನ್’ ಎಂಬ ಹೆಸರಿದೆ.

ಕನ್ನಡದ ಓದುಗರಿಗೆ ಇದನ್ನು ಗ್ರಹಿಸಲು ತಾಳಮದ್ದಳೆಯ ನೆನಪು ನೆರವಾಗುತ್ತದೆ. ಅಲ್ಲಿಯೂ ಅರ್ಥಧಾರಿಗಳು ಕುಳಿತಲ್ಲಿಯೇ ಪಾತ್ರವಾಗಿ ಆಶುವಾಗಿ ಮಾತನಾಡುತ್ತಾರೆ. ಆದರೆ ಅಲ್ಲಿ ಪ್ರಸಂಗದ ಪದ್ಯಗಳು ಮೊದಲೇ ಬರಹದಲ್ಲಿವೆ; ಕಥೆಯ ಕೊನೆ ಎಲ್ಲರಿಗೂ ತಿಳಿದಿದೆ. ಪಾತ್ರಧಾರಣೆಯ ಆಟದಲ್ಲಿ ಅಂತಹ ಪ್ರಸಂಗವಿಲ್ಲ. ನಿರ್ವಾಹಕರ ಬಳಿ ಕೆಲವು ನಕ್ಷೆ, ಟಿಪ್ಪಣಿಗಳಿರಬಹುದು. ಕಥೆ ಮಾತ್ರ ಆಡುವಾಗಲೇ ಹುಟ್ಟುತ್ತದೆ. ಆದುದರಿಂದ ಇಲ್ಲಿ ಬರಹವು ಆಟಕ್ಕೆ ಮೊದಲು ಬರುವುದಿಲ್ಲ, ಆಟದ ಅನಂತರ ಬರುತ್ತದೆ. ಹಾಗೆ ಬರುವ ಬರಹವೇ ಕೂಟದ ದಾಖಲೆ. ಅದು ಕೇವಲ ನೆನಪಿನ ಸಾಧನವಲ್ಲ, ಅನೇಕರು ಕೂಡಿ ಆಡಿದ ಮಾತುಗಳಲ್ಲಿ ಯಾವುದು ‘ನಡೆದದ್ದು’ ಎಂದು ಉಳಿಯಬೇಕೆಂಬುದನ್ನು ತೀರ್ಮಾನಿಸುವ ಕ್ರಿಯೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

೨. ಲೆಕ್ಕದ ದಾಖಲೆ

ಆರಂಭಕಾಲದ ದಾಖಲೆಗಳು ಕಥನಕ್ಕಿಂತ ಲೆಕ್ಕಕ್ಕೆ ಹತ್ತಿರವಾಗಿದ್ದವು. ಆಟಗಾರರಲ್ಲಿ ಒಬ್ಬರು ನಿರ್ವಾಹಕರ ವರ್ಣನೆಯನ್ನು ಕೇಳುತ್ತ ಚೌಕುಳಿ ಹಾಳೆಯ ಮೇಲೆ ನೆಲಮಾಳಿಗೆಯ ನಕ್ಷೆ ಬರೆಯುತ್ತಿದ್ದರು. ಪ್ರತಿ ಪಾತ್ರಕ್ಕೂ ಒಂದು ಹಾಳೆಯಿದ್ದು, ಅದರಲ್ಲಿ ಬಲಾಬಲ, ಆಯುಧ, ಹಣ, ಗಾಯಗಳ ವಿವರ ಇರುತ್ತಿತ್ತು. ಇವುಗಳೊಂದಿಗೆ ಕಾಲದ ದಾಖಲೆಯೂ ಅಗತ್ಯವೆಂದು ಗೈಗ್ಯಾಕ್ಸ್ ೧೯೭೯ರಲ್ಲಿ ಪ್ರಕಟವಾದ ನಿರ್ವಾಹಕರ ಕೈಪಿಡಿಯಲ್ಲಿ ಒತ್ತಿ ಹೇಳಿದರು. ಇದಕ್ಕೆ ಕಾರಣ ಸ್ಪಷ್ಟ. ಒಂದೇ ಲೋಕದಲ್ಲಿ ಬೇರೆ ಬೇರೆ ತಂಡಗಳು ಬೇರೆ ಬೇರೆ ದಿನಗಳಲ್ಲಿ ಆಡುತ್ತಿದ್ದ ಕಾಲವದು. ಒಂದು ತಂಡ ಗುಹೆಯ ನಿಧಿಯನ್ನು ತೆಗೆದುಕೊಂಡ ಮೇಲೆ ಇನ್ನೊಂದು ತಂಡಕ್ಕೆ ಅದು ಸಿಗಬಾರದು. ಯಾರು ಯಾವ ದಿನ ಎಲ್ಲಿದ್ದರು ಎಂಬ ಲೆಕ್ಕ ತಪ್ಪಿದರೆ ಲೋಕದ ಸುಸಂಗತಿಯೇ ಮುರಿಯುತ್ತದೆ.

ಆರ್ನೆಸನ್ ೧೯೭೧ರಲ್ಲಿ ಮಿನೆಸೋಟ ರಾಜ್ಯದಲ್ಲಿ ಆರಂಭಿಸಿದ ‘ಬ್ಲ್ಯಾಕ್‌ಮೂರ್’ ಇನ್ನೊಂದು ಬಗೆಯ ನಿದರ್ಶನ. ಅದರ ಟಿಪ್ಪಣಿಗಳು ೧೯೭೭ರಲ್ಲಿ ‘ದ ಫಸ್ಟ್ ಫ್ಯಾಂಟಸಿ ಕ್ಯಾಂಪೇನ್’ ಎಂಬ ಪುಸ್ತಕವಾಗಿ ಹೊರಬಂದವು. ನಕ್ಷೆ, ಬೆಲೆಪಟ್ಟಿ, ಸೈನ್ಯದ ವಿವರ, ಬಿಡಿಬಿಡಿ ಘಟನೆಗಳು ಅದರಲ್ಲಿವೆ. ಆ ಆಟದಲ್ಲಿ ಭಾಗವಹಿಸಿದವರಿಗೆ ಇವು ನೆನಪನ್ನು ಕೆದಕುವ ಗುರುತುಗಳು. ಹೊರಗಿನ ಓದುಗನಿಗೆ ಬಿಡಿ ತುಣುಕುಗಳು. ಆಡಿದವರಿಗಾಗಿ ಬರೆದ ದಾಖಲೆ ಆಡದವರಿಗೆ ಪೂರ್ತಿ ದಕ್ಕುವುದಿಲ್ಲ ಎಂಬುದು ಇಲ್ಲಿ ತಿಳಿಯುತ್ತದೆ.

೩. ಮಾತಿನ ಮೂರು ಸ್ತರಗಳು

ದಾಖಲೆಗೆ ಬರುವ ಮಾತು ಯಾವುದು ಎಂಬ ಪ್ರಶ್ನೆಗೆ ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ ಅವರ ‘ಶೇರ್ಡ್ ಫ್ಯಾಂಟಸಿ’ (೧೯೮೩) ಕೃತಿ ಉಪಯುಕ್ತವಾಗಿದೆ. ಆಟದ ತಂಡಗಳೊಂದಿಗೆ ತಾವೂ ಆಡಿ ನಡೆಸಿದ ಕ್ಷೇತ್ರಕಾರ್ಯದ ಫಲ ಈ ಕೃತಿ. ಆಟದಲ್ಲಿ ತೊಡಗಿದವರು ಏಕಕಾಲಕ್ಕೆ ಮೂರು ಸ್ತರಗಳಲ್ಲಿ ಇರುತ್ತಾರೆಂಬುದು ಅವರ ವಿಶ್ಲೇಷಣೆ: ನಿತ್ಯಜೀವನದ ವ್ಯಕ್ತಿಯಾಗಿ, ನಿಯಮಗಳಿಗೆ ಒಳಪಟ್ಟ ಆಟಗಾರನಾಗಿ, ಕಥೆಯೊಳಗಿನ ಪಾತ್ರವಾಗಿ. ‘ಇನ್ನೊಂದು ಲೋಟ ಚಹಾ ಬೇಕು’ ಎಂಬುದು ವ್ಯಕ್ತಿಯ ಮಾತು. ‘ದಾಳದಲ್ಲಿ ಹನ್ನೆರಡು ಬಿತ್ತು’ ಎಂಬುದು ಆಟಗಾರನ ಮಾತು. ‘ಬಾಗಿಲು ತೆಗೆಯಿರಿ, ನಾವು ಅರಸನ ಕಡೆಯವರು’ ಎಂಬುದು ಪಾತ್ರದ ಮಾತು. ಕೂಟದಲ್ಲಿ ಈ ಮೂರೂ ಬೆರೆತಿರುತ್ತವೆ. ದಾಖಲೆಯನ್ನು ಬರೆಯುವವರು ಇವುಗಳನ್ನು ಬೇರ್ಪಡಿಸಿ, ಯಾವುದನ್ನು ಉಳಿಸಬೇಕು ಎಂಬುದನ್ನು ಆರಿಸಬೇಕಾಗುತ್ತದೆ. ಆಯ್ಕೆ ಬದಲಾದಂತೆ ಪಠ್ಯದ ಪ್ರಕಾರವೂ ಬದಲಾಗುತ್ತದೆ.

೪. ದಾಖಲೆಯಿಂದ ಸಾಹಿತ್ಯಕ್ಕೆ

ಈ ಬದಲಾವಣೆಯನ್ನು ಜಪಾನಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ೧೯೮೬ರಲ್ಲಿ ‘ಕಾಂಪ್‌ಟಿಕ್’ ಎಂಬ ನಿಯತಕಾಲಿಕೆಯು ‘ಗ್ರೂಪ್ ಎಸ್‌ಎನ್‌ಇ’ ಬಳಗದ ಆಟವೊಂದರ ದಾಖಲೆಯನ್ನು ಧಾರಾವಾಹಿಯಾಗಿ ಪ್ರಕಟಿಸಲಾರಂಭಿಸಿತು. ‘ಲೋಡೋಸ್ ದ್ವೀಪದ ಯುದ್ಧಕಥನ’ ಎಂಬ ಅರ್ಥದ ಶೀರ್ಷಿಕೆಯ ಈ ಬರಹ ಸಂಭಾಷಣೆಯ ರೂಪದಲ್ಲಿತ್ತು. ಆಡಿದವರ ಮಾತು, ದಾಳದ ಫಲ, ನಗೆಚಾಟಿಕೆ ಎಲ್ಲಕ್ಕೂ ಅದರಲ್ಲಿ ಎಡೆಯಿತ್ತು. ‘ರೀಪ್ಲೇ’ ಎಂದು ಕರೆಯಲಾಗುವ ಈ ಪ್ರಕಾರ ಜಪಾನಿನಲ್ಲಿ ಜನಪ್ರಿಯವಾಯಿತು. ಆಟ ಆಡದವರೂ ಇದನ್ನು ಓದಿ ಆಟದ ರೀತಿಯನ್ನು ಕಲಿತರು.

ಅದೇ ಆಟದ ನಿರ್ವಾಹಕರಾಗಿದ್ದ ರ್‍ಯೋ ಮಿಜುನೊ ೧೯೮೮ರಲ್ಲಿ ಆ ಕಥೆಯನ್ನು ಕಾದಂಬರಿಯಾಗಿ ಬರೆದರು. ಕಾದಂಬರಿಯಲ್ಲಿ ದಾಳವಿಲ್ಲ, ಆಟಗಾರರಿಲ್ಲ, ಪಾತ್ರಗಳು ಮಾತ್ರ ಇವೆ. ಡೀಡ್‌ಲಿಟ್ ಎಂಬ ವನಕನ್ಯೆಯ ಪಾತ್ರವನ್ನು ಮೂಲ ಆಟದಲ್ಲಿ ವಹಿಸಿದ್ದವರು ಹಿರೋಶಿ ಯಮಾಮೊಟೊ ಎಂಬ ಪುರುಷ ಲೇಖಕರು. ರೀಪ್ಲೇ ಓದಿದವರಿಗೆ ಒಂದು ಪಾತ್ರದ ಹಿಂದೆ ಒಬ್ಬ ಆಟಗಾರನಿರುವುದು ಕಾಣುತ್ತದೆ. ಕಾದಂಬರಿಯನ್ನು ಮಾತ್ರ ಓದಿದವರಿಗೆ ಕಾಣುವುದಿಲ್ಲ. ಹಲವರ ಕಂಠ ಒಬ್ಬರ ಕರ್ತೃತ್ವದೊಳಗೆ ಸೇರಿಹೋಗುವ ಈ ಕ್ರಮ ಮೌಖಿಕ ಪರಂಪರೆಯ ಅಧ್ಯಯನಕಾರರಿಗೆ ಹೊಸದಲ್ಲ. ಹಾಡಿದವರ ಹೆಸರು ಅಳಿದು ಸಂಪಾದಕರ ಹೆಸರು ಉಳಿದ ಸಂಕಲನಗಳು ಎಲ್ಲ ಭಾಷೆಗಳಲ್ಲೂ ಇವೆ.

ಕರ್ತೃತ್ವದ ಪ್ರಶ್ನೆ ಕೇವಲ ತಾತ್ವಿಕವೂ ಅಲ್ಲ. ಗೌರವಧನದ ವಿಷಯವಾಗಿ ಆರ್ನೆಸನ್ ೧೯೭೯ರಲ್ಲಿ ಪ್ರಕಾಶನ ಸಂಸ್ಥೆಯ ವಿರುದ್ಧ ನ್ಯಾಯಾಲಯಕ್ಕೆ ಹೋದರು. ೧೯೮೧ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಮಾತಿನಲ್ಲಿ ಹುಟ್ಟಿದುದನ್ನು ಯಾರದೆಂದು ನಿರ್ಧರಿಸುವುದು ಕಷ್ಟ. ಮುಂದೆ ಇತಿಹಾಸಕಾರ ಜಾನ್ ಪೀಟರ್ಸನ್ ‘ಪ್ಲೇಯಿಂಗ್ ಅಟ್ ದ ವರ್ಲ್ಡ್’ (೨೦೧೨) ಕೃತಿಯಲ್ಲಿ ಈ ಆಟದ ಉಗಮವನ್ನು ನಿರೂಪಿಸಲು ಆ ಕಾಲದ ಪತ್ರಗಳನ್ನೂ ಹವ್ಯಾಸಿ ಪತ್ರಿಕೆಗಳನ್ನೂ ಅವಲಂಬಿಸಬೇಕಾಯಿತು. ಲಾಸ್ ಏಂಜಲೀಸ್‌ನಲ್ಲಿ ಲೀ ಗೋಲ್ಡ್ ೧೯೭೫ರಲ್ಲಿ ಆರಂಭಿಸಿದ ‘ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್’ನಂತಹ ಪತ್ರಿಕೆಗಳಲ್ಲಿ ಆಟಗಾರರು ತಮ್ಮ ಕೂಟಗಳ ವೃತ್ತಾಂತವನ್ನು ಹಂಚಿಕೊಳ್ಳುತ್ತಿದ್ದರು. ಬರೆದಿಟ್ಟ ತಂಡಗಳು ಇತಿಹಾಸದಲ್ಲಿ ಉಳಿದವು. ಬರೆಯದ ತಂಡಗಳ ಲೋಕಗಳು ಆಡಿದವರ ನೆನಪಿನೊಡನೆ ಅಳಿಯುತ್ತವೆ.

೫. ದಾಖಲೆಯ ಕ್ರಮ

ಮೇಲಿನ ವಿವೇಚನೆಯಿಂದ ದಾಖಲೆಯ ಕ್ರಮವನ್ನು ಕುರಿತು ಕೆಲವು ಅಂಶಗಳು ಹೊರಡುತ್ತವೆ. ಕೂಟ ನಡೆಯುವಾಗ ಬರೆಯಬೇಕಾದುದು ಅಲ್ಪ: ಹಾಜರಿದ್ದವರು, ಕಥೆಯೊಳಗಿನ ದಿನ, ಹೊಸ ಹೆಸರುಗಳು, ಗಳಿಸಿದ್ದು ಕಳೆದುಕೊಂಡದ್ದು, ಕೊಟ್ಟ ಮಾತು. ಇವುಗಳಲ್ಲಿ ಕೊನೆಯದು ಸುಲಭವಾಗಿ ಮರೆಯಾಗುತ್ತದೆ. ಸುಗ್ಗಿಯೊಳಗೆ ಮರಳುತ್ತೇವೆಂದು ಹಳ್ಳಿಯವರಿಗೆ ಪಾತ್ರವೊಂದು ಕೊಟ್ಟ ಮಾತು ದಾಖಲೆಯಲ್ಲಿಲ್ಲದಿದ್ದರೆ ಆ ಹಳ್ಳಿಯೇ ಕಥೆಯಿಂದ ಮಾಯವಾಗುತ್ತದೆ. ನೆನಪು ಮಾಸುವ ಮೊದಲೇ ಈ ಟಿಪ್ಪಣಿಗಳನ್ನು ಕಥನವಾಗಿ ವಿಸ್ತರಿಸಬೇಕು. ಮುಂದಿನ ಕೂಟದ ಆರಂಭದಲ್ಲಿ ಅದನ್ನು ಓದಿ, ಎಲ್ಲರ ಒಪ್ಪಿಗೆ ಪಡೆದು, ತಿದ್ದಬೇಕು. ಎಲ್ಲರೂ ಒಪ್ಪಿದ ಸಂಗತಿ ಮತ್ತು ಬರೆದವರ ವ್ಯಾಖ್ಯಾನ ಎರಡನ್ನೂ ಪ್ರತ್ಯೇಕವಾಗಿಡುವುದು ಉಚಿತ. ಮುಖ್ಯವಾದ ನಿರ್ಧಾರವನ್ನು ಯಾರು ಸೂಚಿಸಿದರು ಎಂಬುದನ್ನೂ ನಮೂದಿಸಬೇಕು.

ಧ್ವನಿಮುದ್ರಣ ಇಂದು ಸುಲಭವಾಗಿದೆ. ೨೦೧೫ರಲ್ಲಿ ಆರಂಭವಾದ ‘ಕ್ರಿಟಿಕಲ್ ರೋಲ್’ ತನ್ನ ದೀರ್ಘ ಕೂಟಗಳನ್ನು ಇಡಿಯಾಗಿ ದೃಶ್ಯರೂಪದಲ್ಲಿ ಬಿತ್ತರಿಸಿತು. ಆದರೂ ಸಾರಾಂಶದ ಅಗತ್ಯ ತಪ್ಪಲಿಲ್ಲ. ಮುದ್ರಿಕೆಯು ಮೂರೂ ಸ್ತರಗಳ ಮಾತನ್ನು ಹಾಗೆಯೇ ಹಿಡಿದಿಡುತ್ತದೆ. ಅವುಗಳಲ್ಲಿ ಯಾವುದು ಕಥೆ ಎಂಬುದನ್ನು ತಿಳಿಸುವುದಿಲ್ಲ. ಆ ತೀರ್ಮಾನ ಮನುಷ್ಯರದು. ಅದು ಒಬ್ಬರ ಕೈಯಲ್ಲಿ ಮಾತ್ರ ಇದ್ದರೆ ಸಾಮೂಹಿಕ ಕಥನವು ಕ್ರಮೇಣ ಒಬ್ಬರ ಕಥನವಾಗುತ್ತದೆ. ಎಲ್ಲರೂ ಓದಿ ತಿದ್ದುವ ದಾಖಲೆಯಲ್ಲಿ ಆಡಿದ ಎಲ್ಲರ ದನಿಗೂ ಎಡೆ ಉಳಿಯುತ್ತದೆ.